ಎರವಲು ತಂದ ಅಳು

ಕತೆಗಾರರು ಒಂದು ಸದ್ದನ್ನು ಬರೆದರೆ, ಕತೆ ಮುಗಿಯುವವರೆಗೆ ಆ ಸದ್ದು ನೆರೆಮನೆಯಿಂದ ಕಾಣೆಯಾಗುವುದು ಹುಬ್ಬಳ್ಳಿಯ ಆ ಓಣಿಗೆ ರೂಢಿಯಾಗಿತ್ತು. ಸದ್ದನ್ನು ಆ ಮನೆಯವರನ್ನು ಕೇಳಿಯೇ ಒಯ್ಯುವುದು ಪದ್ಧತಿ. ತಾನೇ ಬರೆದು ತಾನೇ ಅಚ್ಚು ಹಾಕಿಸುತ್ತಿದ್ದ ಮಂದಾಕಿನಿ ಒಮ್ಮೆ ಕೇಳದೆ ಕುಕ್ಕರಿನ ಸೀಟಿಯ ಸದ್ದು ಒಯ್ದು, ಯಾರದೋ ಅನ್ನ ಸೀದು, ಚೆನ್ನಾಗಿ ಬೈಸಿಕೊಂಡಿದ್ದಳು.

ಈ ಸಲ ಬೇಕಾಗಿದ್ದು ಪಕ್ಕದ ಮನೆಯ ಶೈಲಾಳ ಮಗುವಿನ ಅಳು.

“ಒಯ್ರಿ ಅಕ್ಕಾರ, ಒಯ್ರಿ! ಹಡದಾಗಿಂದ ನಿದ್ದಿಲ್ಲ ನನಗ,” ಎಂದು ಶೈಲಾ ನಕ್ಕಳು. “ಆದ್ರ ಕೂಸನ್ನೂ ಒಯ್ರಿ. ಅಳೂದು ಕೇಳದಿದ್ರ ಕಣ್ಣಿಟ್ಟ ನೋಡ್ಕೋಬೇಕಲ್ಲ. ಲಗೂ ಮುಗಸ್ರಿ ಮತ್ತ.”

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಂದಾಕಿನಿ ಕೊನೆಯ ಪುಟಕ್ಕೆ ಬಂದಳು. ಮುಚ್ಚಿದ ಕೋಣೆಯಲ್ಲಿ ಕೂಸೊಂದು ಅಳುತ್ತದೆ, ಯಾರೂ ಬರುವುದಿಲ್ಲ. ಈ ಮುಕ್ತಾಯಕ್ಕಾಗಿಯೇ ಅವಳು ಇಡೀ ಕತೆ ಬರೆದಿದ್ದಳು. ಅಳುವನ್ನು ಬರೆದು ಕೆಳಗೆ ನೋಡಿದಳು.

ಮಗು ಅಳುತ್ತಿತ್ತು. ಬಾಯಿ ಪೂರ್ತಿ ತೆರೆದು ಗದ್ದ ನಡುಗುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಅಳುವಿಗೆ ಇಷ್ಟೆಲ್ಲ ಆಕಾರವಿದೆಯೇ ಎಂದು ಅವಳು ಕುತೂಹಲದಿಂದ ಬಾಗಿದಳು. ಮಗುವೂ ಅಳುತ್ತಲೇ ಅವಳ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು. ‘ಯಾರೂ ಬರಲಿಲ್ಲ’ ಎಂದು ಬರೆದರೆ ಕತೆ ಮುಗಿದು ದನಿ ಮರಳುತ್ತಿತ್ತು. ಬರೆಯಲು ಕೈ ಬರಲಿಲ್ಲ.

‘ಬಾಗಿಲು ತೆರೆಯಿತು. ಅವ್ವ ಬಂದಳು’ ಎಂದು ಬರೆದು ಚುಕ್ಕೆ ಇಟ್ಟಳು.

ಕೋಣೆ ತುಂಬ ಅಳು ತುಂಬಿತು. ಗೋಡೆಯಾಚೆ ಶೈಲಾ ಎದ್ದು ಓಡಿಬರುವ ಸದ್ದಾಯಿತು. ಕತೆ ಕೆಟ್ಟಿತೋ ಏನೋ. ಮಂದಾಕಿನಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ತೆಗೆಯಲು ಎದ್ದಳು.