ಐದನೆಯ ನಾಡಿಪಟ್ಟಿ

ನನ್ನ ಗಂಡ ವೀರಭದ್ರನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಮಕ್ಕಳ ಆಸ್ಪತ್ರೆಗೆ ಹೋದೆ. ತಾಲೀಮಿನ ಕೋಣೆಯಲ್ಲಿ ರಬ್ಬರಿನ ಕೂಸು ಮಲಗಿತ್ತು. ಉಸಿರು ನಿಂತ ಮಗುವೆಂದು ಅದನ್ನು ಬದುಕಿಸುವ ಅಭ್ಯಾಸ ಮಾಡುವ ಐವರೂ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರೆ. ಒಬ್ಬೊಬ್ಬರ ನಾಡಿಯೂ ಉಳಿದವರ ಪಟ್ಟಿಯಲ್ಲಿ ತಟ್ಟುತ್ತದೆ. ಯಾರು ದಣಿದರೆಂದು ಅದರಿಂದಲೇ ತಿಳಿದು, ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ.

ಐವರಲ್ಲಿ ಒಬ್ಬನಾಗಿದ್ದ ಅವನು ತನ್ನ ಪಟ್ಟಿಯನ್ನು ವಾರಕ್ಕೆಂದು ಕೇಳಿ ಮನೆಗೆ ತಂದಿದ್ದ. ಕೊನೆಗೆ ಕಟ್ಟಿದವರ ನಾಡಿಯನ್ನು ಪಟ್ಟಿ ಉಳಿಸಿಕೊಳ್ಳುತ್ತದೆ; ಅದರಲ್ಲಿ ಅವನ ನಾಡಿ ಇನ್ನೂ ಮಿಡಿಯುತ್ತಿತ್ತು. ಬೇರೆಯವರು ಕಟ್ಟಿದರೆ ಅಳಿಸಿಹೋಗುತ್ತದೆ.

"ಇವತ್ತ ಯಾಕ ಬಂದ್ರಿ ಅಕ್ಕಾರ? ನಾಕ ಪಟ್ಟಿಯೊಳಗ ಹೆಂಗರ ಮಾಡ್ತೀವಿ," ಎಂದಳು ಅವನ ಜಾಗಕ್ಕೆ ಬಂದಿದ್ದ ನರ್ಸ್ ಗಂಗವ್ವ.

"ಕೂಸು ಉಳೀತದೇನು?"

"ನಿನ್ನೆ ಎರಡ ಸಲ ಸತ್ತದ್ರಿ."

ಅವಳ ಕೈಗೆ ನಾನೇ ಅವನ ಪಟ್ಟಿ ಕಟ್ಟಿದೆ. ನನ್ನ ಬೆರಳಿನಡಿ ಅವನ ಮಿಡಿತ ನಿಂತಿತು. ಆಮೇಲೆ ಅವಳದು ಶುರುವಾಯಿತು, ಹೆದರಿದವರ ನಾಡಿಯಂತೆ ಜೋರಾಗಿ.