ಪೈಪ್ ತೆಗೆಯುವ ಹೊತ್ತು

ಐಸಿಯು ಬೆಡ್ಡಿಗೆ ಎರಡು ಬಳೆ ಹೋದವು. ಉಸಿರಾಟದ ಮೆಷಿನ್ನಿಗೆ ಸರ ಹೋಯಿತು. ಇಂಜೆಕ್ಷನ್ನಿಗೆ ಓಲೆ...

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಹಾಲಮ್ಮನ ಬಳಿ ಇನ್ನೇನೂ ಉಳಿದಿರಲಿಲ್ಲ. ಗಂಡ ಚೌಡಪ್ಪ ನ್ಯುಮೋನಿಯಾದಿಂದ ಗಂಟಲಿಗೆ ಪೈಪ್ ಹಾಕಿಸಿಕೊಂಡು ಮಲಗಿದ್ದ.

ಆ ಬೆಳಿಗ್ಗೆ ಡಾಕ್ಟರ್ ಫರೀದಾ, ಇವತ್ತು ಪೈಪ್ ತೆಗೆಯೋಣ ಅಂದರು.



ಹಾಲಮ್ಮನ ಓಣಿಯಲ್ಲಿ ಆ ಮಾತಿಗೆ ಒಂದೇ ಅರ್ಥ. ಖರ್ಚು ತಾಳಲಾರದವರು ರೋಗಿಯನ್ನು ಆಂಬುಲೆನ್ಸಿನಲ್ಲಿ ಮನೆಗೆ ತರುತ್ತಿದ್ದರು. ಬಾಗಿಲಲ್ಲೇ ಪೈಪ್ ತೆಗೆಸಿ ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು... ಅಷ್ಟೇ.

ಸುದ್ದಿ ಕೇಳಿ ಚೌಡಪ್ಪನ ಅಕ್ಕ ಗೌರಮ್ಮ ತುಳಸಿ ನೀರು ಹಿಡಿದುಕೊಂಡೇ ಬಂದಳು.

"ಬಂಗಾರ ಖಾಲಿ ಆತು ಅಂತ ನನ್ನ ತಮ್ಮನ್ನೂ ಖಾಲಿ ಮಾಡ್ತೀಯೇನೇ?"

ಭಟ್ಟಿಯನ್ನೇ ಮಾರುತ್ತೇನೆ, ಪೈಪ್ ಮಾತ್ರ ತೆಗೆಯಬೇಡಿ ಎಂದು ಹಾಲಮ್ಮ ಡಾಕ್ಟರ ಕಾಲಿಗೆ ಬಿದ್ದಳು.

ಅವರು ಎಬ್ಬಿಸಿ ಕೂರಿಸಿ ಬಿಡಿಸಿ ಹೇಳಿದರು. ಇದು ಕೈಬಿಟ್ಟು ತೆಗೆಯುವುದಲ್ಲ, ಗುಣವಾಗುತ್ತಿದ್ದಾನೆಂದು ತೆಗೆಯುವುದು. ಜ್ವರ ಇಳಿದಿದೆ. ಮೆಷಿನ್ ತಗ್ಗಿಸಿ ನೋಡಿದಾಗ ತಾನೇ ಉಸಿರಾಡಿದ್ದಾನೆ. ಕಫ ಹೊರಬರುವಷ್ಟು ಜೋರಾಗಿ ಕೆಮ್ಮುತ್ತಾನೆ. ಇನ್ನೂ ತಡ ಮಾಡಿದರೆ ಆ ಪೈಪಿನಿಂದಲೇ ಹೊಸ ಸೋಂಕು ಹತ್ತಬಹುದು...

"ತಗದ ಮ್ಯಾಲೆ ಉಸಿರು ಸಾಲದಿದ್ರೆ?"

"ಮತ್ತೆ ಹಾಕಬೇಕಾಗಬಹುದಮ್ಮ. ಹಾಗಾಗಲ್ಲ ಅಂತ ಸುಳ್ಳು ಹೇಳಲ್ಲ. ನಾನು ಪಕ್ಕದಲ್ಲೇ ಇರ್ತೀನಿ."

ಹಾಲಮ್ಮ ಗೌರಮ್ಮನ ಕಡೆ ತಿರುಗಿದಳು.

"ಅಕ್ಕಾ, ಭಟ್ಟ್ಯಾಗ ಅಕ್ಕಿ ಬೇಗ ತಗದ್ರೆ ಅರಳಲ್ಲ. ಅರಳಿದ ಮ್ಯಾಲೂ ಕಾದ ಉಸುಕಿನಾಗೇ ಬಿಟ್ರೆ ಕರಕಲು. ನಿನಗೂ ಗೊತ್ತೈತಿ... ತಗೀಲಿ. ಏನಾರ ಆದ್ರೆ ಕೊಂದಾಕಿ ನಾನೇ ಅನ್ನು."

ಪೈಪ್ ತೆಗೆದರು.

ಚೌಡಪ್ಪ ಕೆಮ್ಮಿದ... ಒದ್ದಾಡಿದ... ಹಾಲಮ್ಮ ಗಾಜಿನ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದಳು.

ಎದೆ ಏರಿತು... ಇಳಿಯಿತು... ತುಸು ತಡೆದು, ಮತ್ತೆ ಏರಿತು.

ಸಂಜೆ ಒಳಗೆ ಬಿಟ್ಟಾಗ ಅವನು ಒಡೆದ ದನಿಯಲ್ಲಿ ಕೇಳಿದ್ದು ಒಂದೇ. "ಉಂಡ್ಯಾ?"

ಗೌರಮ್ಮ ಹಾಲಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಳು.

ಮೈಮೇಲಿನ ಬಂಗಾರವೆಲ್ಲ ಹೋಯಿತು. ಭಟ್ಟಿಯ ಹೊಗೆ ತಾಳುವ ಶಕ್ತಿ ಅವನಿಗೆ ಮರಳಲಿಲ್ಲ. ಗಂಡ ಉಳಿದ.

*ಹಿಡಿದುಕೊಳ್ಳಲು ಪ್ರೀತಿ ಸಾಕು... ಹೊತ್ತರಿತು ಬಿಡಲು ಧೈರ್ಯವೂ ಬೇಕು.*

ಕಾಪಾಡುತ್ತಿದ್ದೇವೆ ಅಂದುಕೊಂಡು, ಬರೀ ಹೆದರಿಕೆಯಿಂದ ನಾವು ಬಿಡದೆ ಹಿಡಿದಿರುವುದು ಏನೇನು?