ಟಿಟ್ಟಿಭಕ್ಕೆ ಕಾವಲು ಕೂತ ಮಾವ

ಹಸಿ ಎರೆಮಣ್ಣಿನ ವಾಸನೆ ಬಂದರೆ ಈಗಲೂ ನನ್ನ ಸೋದರಮಾವ, ಹಕ್ಕಿ ಹುಚ್ಚಿನ ಮಾಸ್ತರ, ನೆನಪಾಗುತ್ತಾನೆ.

ಅವನ ಊರು ಸಗರದಲ್ಲಿ ಕಾಲುವೆ ದಂಡೆಯ ದಾರಿಯ ನಡುವೆ ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿತ್ತು. ಆ ಮಧ್ಯಾಹ್ನ ಗದ್ದೆ ಉಳುವ ಟ್ರ್ಯಾಕ್ಟರ್ ಬರುವುದಿತ್ತು. ಮಾವ ದಾರಿಗೆ ಅಡ್ಡವಾಗಿ ಕುಳಿತುಬಿಟ್ಟ. ಅವನೇ ಕಳ್ಳನೆಂದುಕೊಂಡ ಹಕ್ಕಿ ಕಿರುಚುತ್ತ ಅವನ ಬೋಳುತಲೆಗೆ ಎರಗತೊಡಗಿತು. ನಮ್ಮಿಬ್ಬರ ಜೊತೆಗೆ ಹಕ್ಕಿ ನೋಡಲು ಬಂದಿದ್ದ ಟೇಲರ್ ರಹೀಮ್‌ಸಾಬರು ಬೇವಿನ ಮರದಡಿಗೆ ಓಡಿ, ಅಲ್ಲಿಂದಲೇ ದುರ್ಬೀನು ಹಿಡಿದು ಕೂಗಿದರು: “ಎದ್ದು ಬರ್ರಿ ಮಾಸ್ತರ, ನಿಮ್ಮ ತಲಿ ಉಳಿಯಂಗಿಲ್ಲ!”

ಟ್ರ್ಯಾಕ್ಟರ್ ಬಂತು. “ಹೊಲದಾಗಿಂದ ಹೋಗಪಾ,” ಅಂದ ಮಾವ. ಡ್ರೈವರ್ ನಗುತ್ತ ಹಸಿ ಎರೆಮಣ್ಣಿನ ಹೊಲದೊಳಕ್ಕೆ ತಿರುಗಿಸಿಕೊಂಡು ಹೋದ.

“ಮಾಮಾ, ಉಳಿಸಿದೋರಿಗೇ ಕುಕ್ಕಾಕತ್ತೈತಲ್ಲ?” ಎಂದೆ.

ನೆತ್ತಿ ಸವರಿಕೊಂಡು ಮಾವ ಅಂದ: “ಕುಕ್ಕಲಿ ಬಿಡವ್ವ. ತಾಯಿ ಅದಾಳ. ಈಗ ಆಕಿ ಯಾರನ್ನೂ ನಂಬಬಾರದು.”